ಪಡಸಾಲೆಯ ಮೂಲೆಯಲ್ಲಿ ಒಂದು ಖೋಕಾ

ನನ್ನ ಮಗಳಿಗೆ ಒಂದೂವರೆ ವರ್ಷ ತುಂಬಿದ ಹೊತ್ತಿಗೆ ನಮ್ಮ ಮನೆಯ ನಾಯಿ ಅವಳ ಕೆನ್ನೆಗೆ ಬಾಯಿ ಹಾಕಿತು. ತೊಂಬತ್ತರ ದಶಕದ ಮಾತು. ಆಗ ನಾವು ಧಾರವಾಡದ ಮಾಳಮಡ್ಡಿಯಲ್ಲಿ ಒಂದು ಹಳೆಯ ಹಂಚಿನ ಮನೆಯಲ್ಲಿದ್ದೆವು. ಮನೆಯಲ್ಲಿ ನಾವು ಐದು ಜನ. ಕಾಳಿನ ವ್ಯಾಪಾರ ಮಾಡಿ, ಮೊಣಕಾಲು ನೋವು ಶುರುವಾದ ಮೇಲೆ ಅಂಗಡಿ ಬಿಟ್ಟುಕೊಟ್ಟು ಮನೆಯಲ್ಲಿದ್ದ ಮಾವ, ಅತ್ತೆ, ಹುಬ್ಬಳ್ಳಿಯಲ್ಲಿ ಪಂಪ್‌ಸೆಟ್ ಮಾರುವ ಅಂಗಡಿ ನಡೆಸುತ್ತಿದ್ದ ನಮ್ಮ ಮನೆಯವರು, ಮುಂಜಾನೆಯ ಶಾಲೆಯೊಂದರಲ್ಲಿ ಕಲಿಸುತ್ತಿದ್ದ ನಾನು, ಮತ್ತೆ ಈ ಮಗಳು.

ನಾಯಿ ಬಂದದ್ದು ಮಗಳಿಗಿಂತ ಮೊದಲು. ಮಾವನವರು ಹೆಬ್ಬಳ್ಳಿಯಲ್ಲಿದ್ದ ತಮ್ಮ ಸ್ನೇಹಿತರ ಹೊಲಕ್ಕೆ ಹೋದವರು ಬರುವಾಗ ಬಟ್ಟೆಯ ಚೀಲದಲ್ಲಿ ಒಂದು ಮರಿ ತಂದಿದ್ದರು. ಕಂದು ಬಣ್ಣ, ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಚಿಕೊಂಡದ್ದು. ಜಾತಿ ಯಾವುದು ಎಂದು ಕೇಳಿದವರಿಗೆ ಮಾವ ‘ನಾಯಿ ಜಾತಿ’ ಎನ್ನುತ್ತಿದ್ದರು. ನಾವು ಅದಕ್ಕೊಂದು ಹೆಸರಿಟ್ಟೆವು, ಆದರೆ ಮಾವನವರ ಬಾಯಿಗೆ ಆ ಹೆಸರು ಹತ್ತಲೇ ಇಲ್ಲ. ಅವರಿಗೆ ಅದು ಕೊನೆಯವರೆಗೂ ‘ಏ ಮಗನ’. ಅಡಿಗೆಮನೆಗೂ ದೇವರ ಕೋಣೆಗೂ ಬರಕೂಡದು ಎನ್ನುವುದೊಂದು ಬಿಟ್ಟರೆ ಅದಕ್ಕೆ ಬೇರೆ ಕಟ್ಟುಪಾಡು ಇರಲಿಲ್ಲ. ಎಲ್ಲಿ ಬೇಕಾದರೂ ಓಡಾಡಿಕೊಂಡಿತ್ತು, ಎಲ್ಲಿ ಬೇಕಾದರೂ ಮಲಗುತ್ತಿತ್ತು. ನಾವು ಹಾಗೆಂದುಕೊಂಡಿದ್ದೆವು.

ಆ ದಿನ ನಾನು ಶಾಲೆಯಿಂದ ಬಂದು ಊಟ ಮುಗಿಸಿ ನಡುಮನೆಯಲ್ಲಿ ಅಕ್ಕಿ ಆರಿಸುತ್ತ ಕೂತಿದ್ದೆ. ಅತ್ತೆ ಒಳಗೆ ಅಡ್ಡಾಗಿದ್ದರು. ಪಡಸಾಲೆಯ ಬೆಂಚಿನ ಕೆಳಗೆ ನಾಯಿ ಮಲಗಿತ್ತು. ಮಗಳು ಒಂದು ಸೌಟು ಹಿಡಿದುಕೊಂಡು ಬೆಂಚಿನ ಕೆಳಗೆ ತೂರಿದ್ದು ನನಗೆ ಕಾಣಿಸಿತ್ತು. ಕರೆದರಾಯಿತು ಎಂದುಕೊಂಡೆ, ಮೊರದಲ್ಲಿ ಉಳಿದಿದ್ದ ಒಂದು ಹಿಡಿ ಅಕ್ಕಿ ಮುಗಿಸಿ ಏಳೋಣ ಎಂದುಕೊಂಡೆ. ಅಷ್ಟರಲ್ಲಿ ಒಂದು ಅರ್ಧ ಬೊಗಳು, ಅದರ ಹಿಂದೆಯೇ ಅವಳ ಚೀರು. ಎಳೆದುಕೊಂಡು ನೋಡಿದರೆ ಕಣ್ಣಿನ ಕೆಳಗೆ ಎರಡು ಗೀರು. ರಕ್ತ ಗದ್ದದವರೆಗೆ ಇಳಿದಿತ್ತು.

ಅವಳನ್ನು ಎತ್ತಿಕೊಂಡು ಓಡುವಾಗ ಒಂದು ಸಲ ಹಿಂತಿರುಗಿ ನಾಯಿಯ ಕಡೆ ನೋಡಿದೆ. ಅದು ಗೋಡೆಗೆ ಬೆನ್ನು ಹತ್ತಿಸಿಕೊಂಡು, ಎರಡೂ ಕಿವಿ ಹಿಂದಕ್ಕೆ ಮಲಗಿಸಿ ಗಡಗಡ ನಡುಗುತ್ತಿತ್ತು. ಕೆಳಗೆ ನೆಲ ಒದ್ದೆಯಾಗಿತ್ತು. ಕಚ್ಚಿದ್ದು ಇದು, ನಡುಗುವುದೂ ಇದೇ ಎಂದು ನನಗೆ ಸಿಟ್ಟು ಬಂತು.

ಡಾಕ್ಟರು ಸೋಪು ನೀರಿನಿಂದ ಎಷ್ಟೋ ಹೊತ್ತು ತೊಳೆದು, ಸೂಜಿ ಹಾಕಿ, ಕಣ್ಣಿಗೆ ಏನೂ ಆಗಿಲ್ಲ ಎಂದರು. ನಾಯಿಗೆ ವರ್ಷದ ಸೂಜಿ ಹಾಕಿಸಿದ್ದೆವು. ಆದರೂ ಹತ್ತು ದಿನ ಅದನ್ನು ಕಣ್ಣೆದುರಿಗೆ ಇಟ್ಟುಕೊಳ್ಳಿ, ಎಲ್ಲಿಗೂ ಕಳಿಸಬೇಡಿ, ಏನಾದರೂ ಬದಲಾವಣೆ ಕಂಡರೆ ಕೂಡಲೇ ಬನ್ನಿ ಎಂದು ಹೇಳಿ ಕಳಿಸಿದರು.

ಸಂಜೆ ನಮ್ಮ ಮನೆಯವರು ಹುಬ್ಬಳ್ಳಿಯಿಂದ ಬಂದವರು ಮಗಳ ಮುಖ ನೋಡಿ ಬೆಂಚಿನ ಮೇಲೆ ಕೂತುಬಿಟ್ಟರು. ಚಪ್ಪಲಿ ಕೂಡ ತೆಗೆದಿರಲಿಲ್ಲ. ಹತ್ತು ದಿನ ಆದ ಕೂಡಲೇ ನಾಯಿಯನ್ನು ಮುಗದದಲ್ಲಿದ್ದ ತಮ್ಮ ಅಕ್ಕನ ಹೊಲಕ್ಕೆ ಕಳಿಸುವುದು ಎಂದು ಅವರೇ ಹೇಳಿದರು. ಮಾವ ಎದ್ದು ಹೋಗಿ ಹಿತ್ತಲಲ್ಲಿ ಪೇರಲ ಗಿಡಕ್ಕೆ ಕಟ್ಟಿದ್ದ ನಾಯಿಯ ಮುಂದೆ ನೀರಿನ ಬೋಗುಣಿ ಇಟ್ಟು ಬಂದರು.

ಐದನೆಯ ದಿನಕ್ಕೆ ನಾಯಿ ರೊಟ್ಟಿ ಮೂಸಿ ನೋಡುವುದನ್ನೂ ಬಿಟ್ಟಿತು. ಡಾಕ್ಟರು ಹೇಳಿದ ಬದಲಾವಣೆ ಇದೇ ಇರಬೇಕು ಎಂದು ಹೆದರಿದೆ. ಶಾಲೆಗೆ ರಜೆ ಹಾಕಿ ಅದನ್ನು ಆಟೋದಲ್ಲಿ ಹಾಕಿಕೊಂಡು ದನದ ದವಾಖಾನೆಗೆ ಹೋದೆ. ಅಲ್ಲಿ ಇದ್ದವರು ನಿವೃತ್ತಿಯ ಹತ್ತಿರ ಬಂದಿದ್ದ ಒಬ್ಬ ಹೆಣ್ಣುಮಗಳು ಡಾಕ್ಟರು. ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದರು. ನಾಯಿಯ ಬಾಯಿ, ಕಣ್ಣು, ಹೊಟ್ಟೆ ಎಲ್ಲ ನೋಡಿದರು. ನೀರು ಕುಡಿಸಿ ನೋಡಿದರು. ರೋಗ ಏನೂ ಇಲ್ಲ, ಹೆದರಿದೆ ಎಂದರು. ಆಮೇಲೆ ನನಗೊಂದು ಸ್ಟೂಲು ತೋರಿಸಿ, ನಡೆದದ್ದನ್ನೆಲ್ಲ ಹೇಳಿಸಿಕೊಂಡರು.

ನಾನು ಹೇಳಿ ಮುಗಿಸಿದ ಮೇಲೆ ಅವರು ಕೇಳಿದರು: “ಇದು ಮನ್ಯಾಗ ಮಲಗೂದು ಎಲ್ಲೆ?”

ಎಲ್ಲಿ ಬೇಕಾದರೂ ಎಂದು ಹೇಳಲು ಬಾಯಿ ತೆರೆದವಳು ಅಲ್ಲೇ ನಿಂತೆ. ಮುಂಜಾನೆ ಅದು ಹೊಸ್ತಿಲ ಹತ್ತಿರ ಮಲಗಿದರೆ ಅತ್ತೆ ಕಸ ಹೊಡೆಯುತ್ತ ‘ಏಳ ಏಳ’ ಎನ್ನುತ್ತಿದ್ದರು. ಪಡಸಾಲೆಯ ನಡುವೆ ಮಲಗಿದರೆ ಬಂದವರು ದಾಟುತ್ತಿದ್ದರು. ಮಾವನವರ ಕುರ್ಚಿಯ ಪಕ್ಕ ಮಲಗಿದರೆ ಪೇಪರಿನವನು, ಹಾಲಿನವನು. ಮಗಳು ಹರಿದಾಡಲು ಶುರು ಮಾಡಿದ ಮೇಲೆ ಉಳಿದದ್ದು ಬೆಂಚಿನ ಕೆಳಗಿನ ಜಾಗವೊಂದೇ. ಅಲ್ಲಿಗೂ ಅವಳು ಹೋಗುತ್ತಿದ್ದಳು. ಇದನ್ನೆಲ್ಲ ತುಂಡು ತುಂಡಾಗಿ ಹೇಳಿದೆ.

“ಅಂದ್ರ ಅದಕ್ಕ ಜಾಗಾನ ಇಲ್ಲ,” ಎಂದರು ಡಾಕ್ಟರು. ಆಮೇಲೆ ಇನ್ನೊಂದು ಕೇಳಿದರು. “ಇದಕಿಂತ ಮೊದಲ ಕೂಸಿನ ಮ್ಯಾಲೆ ಯಾವಾಗರ ಗುರ್ ಅಂದಿತ್ತೇನು?”

ಅಂದಿತ್ತು. ಎರಡು ಸಲವೋ ಮೂರು ಸಲವೋ. ಆಗ ಏನು ಮಾಡಿದಿರಿ ಎಂದು ಕೇಳಿದರು. ಸುಳ್ಳು ಹೇಳಬಹುದಿತ್ತು. ಹೊಡೆದೆ ಎಂದೆ. ಒಮ್ಮೆ ಕೈಯಿಂದ, ಒಮ್ಮೆ ಕಸಬರಿಗೆಯಿಂದ. ಮಗುವಿನ ಮೇಲೆ ಗುರುಗುಟ್ಟುವ ನಾಯಿಗೆ ಹೊಡೆಯದೆ ಇನ್ನೇನು ಮಾಡಬೇಕು ಎಂದು ನನಗೆ ಗೊತ್ತಿರಲಿಲ್ಲ.

ಅವರು ಬೈಯಲಿಲ್ಲ. ಮೇಜಿನ ಮೇಲೆ ಮುದುಡಿ ಕೂತಿದ್ದ ನಾಯಿಯ ಕಡೆಗೂ ನೋಡಲಿಲ್ಲ, ನನ್ನ ಕಡೆಗೂ ನೋಡಲಿಲ್ಲ. ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತ ಹೇಳಿದರು. “ಅದು ನಿಮಗ ಹೇಳಾಕತ್ತಿತ್ತು. ಹೇಳಿದ್ದಕ್ಕ ಹೊಡದ್ರಿ. ಆಮ್ಯಾಲೆ ಅದು ಹೇಳೂದು ಬಿಟ್ಟಿತು.”

ಆ ಮಾತು ನನ್ನೊಳಗೆ ಹೋಗಿ ಕೂತಿತು. ಮುಂದೆ ಅವರು ಹೇಳಿದ್ದನ್ನೆಲ್ಲ ನಾನು ಕೇಳಿಸಿಕೊಂಡದ್ದು ಅದರ ಮೇಲಿನಿಂದಲೇ. ಮೂರು ಕಡೆ ಮುಚ್ಚಿದ, ಒಂದು ಕಡೆ ತೆರೆದ ಒಂದು ಪೆಟ್ಟಿಗೆ ಮಾಡಿಸಿ. ನಿಂತರೆ ತಲೆ ತಾಗಬಾರದು, ಸುತ್ತು ತಿರುಗಿ ಮಲಗಲು ಬರಬೇಕು, ಅಷ್ಟಿದ್ದರೆ ಸಾಕು. ಮನೆಯ ಮಂದಿ ಕಾಣುವಂಥ, ಆದರೆ ಯಾರೂ ದಾಟಿ ಹೋಗದಂಥ ಕಡೆ ಇಡಿ. ಅದು ಅದರ ಒಳಗಿರುವಾಗ ಯಾರೂ ಕೈ ಹಾಕಬಾರದು, ಎಳೆಯಬಾರದು, ಬೈಯಬಾರದು. ಒಬ್ಬ ಮಿಲಿಟರಿ ಅಧಿಕಾರಿಯ ಮನೆಯಲ್ಲಿ ಕಬ್ಬಿಣದ ಜಾಳಿಗೆಯದು ನೋಡಿದ್ದೇನೆ, ನಿಮಗೆ ಕಟ್ಟಿಗೆಯದೇ ಸಾಕು ಎಂದರು. ಪೆಟ್ಟಿಗೆ ಇರಲಿ ಬಿಡಲಿ, ಕೂಸನ್ನೂ ನಾಯಿಯನ್ನೂ ಇಬ್ಬರನ್ನೇ ಬಿಟ್ಟು ನೀವು ಅಕ್ಕಿ ಆರಿಸಲು ಕೂರಬೇಡಿ ಎಂದೂ ಹೇಳಿದರು.

ಮನೆಗೆ ಬಂದು ಪೆಟ್ಟಿಗೆಯ ವಿಷಯ ಹೇಳಿದೆ. ಹೊಡೆದ ವಿಷಯ ಹೇಳಲಿಲ್ಲ.

ನಮ್ಮ ಮನೆಯವರಿಗೆ ನಂಬಿಕೆ ಇರಲಿಲ್ಲ. ಆದರೂ ಮರುದಿನ ಅಂಗಡಿಯಿಂದ ಬರುವಾಗ ಟೆಂಪೊದಲ್ಲಿ ಒಂದು ದೊಡ್ಡ ಖೋಕಾ ಹಾಕಿಸಿಕೊಂಡು ಬಂದರು. ದೊಡ್ಡ ಪಂಪು ಬರುತ್ತಿದ್ದ ಕಟ್ಟಿಗೆಯ ಪೆಟ್ಟಿಗೆಗೆ ನಮ್ಮ ಕಡೆ ಖೋಕಾ ಎನ್ನುತ್ತಾರೆ. ಬಿಳಿ ಕಟ್ಟಿಗೆಯ ಪಟ್ಟಿಗಳು, ನಡುನಡುವೆ ಬೆರಳಷ್ಟು ಸಂದು, ತುಂಬ ಗ್ರೀಸಿನ ವಾಸನೆ. ಓಣಿಯ ಬಡಿಗ ಬಂದು ಹೊರಗೆ ಚಾಚಿದ್ದ ಮೊಳೆಗಳನ್ನೆಲ್ಲ ಕಿತ್ತು, ಅಂಚು ಉಜ್ಜಿ, ಒಂದು ಕಡೆ ಬಿಜಾಗರಿ ಹಾಕಿ ಬಾಗಿಲು ಮಾಡಿಕೊಟ್ಟ. ಎಲ್ಲಿಡುವುದು ಎನ್ನುವುದಕ್ಕೆ ಅರ್ಧ ದಿನ ಹೋಯಿತು. ಬಂದ ಬೀಗರ ಕಣ್ಣಿಗೆ ಮೊದಲು ಇದೇ ಬೀಳುತ್ತದೆ ಎಂದು ಅತ್ತೆ ಪಡಸಾಲೆಗೆ ಒಪ್ಪಲಿಲ್ಲ. ಹಿತ್ತಲಿನಲ್ಲಿಟ್ಟರೆ ಮಂದಿ ಕಾಣುವುದಿಲ್ಲ ಎಂದು ನಾನು ಒಪ್ಪಲಿಲ್ಲ. ಕೊನೆಗೆ ಪಡಸಾಲೆಯಲ್ಲೇ, ಮಾವನವರ ಸೈಕಲ್ ನಿಲ್ಲುತ್ತಿದ್ದ ಮೂಲೆಯನ್ನು ಅವರೇ ಬಿಟ್ಟುಕೊಟ್ಟರು. ಸೈಕಲ್ ಹೊಡೆಯುವುದನ್ನು ಬಿಟ್ಟು ಎರಡು ವರ್ಷವಾಗಿತ್ತು. ಆದರೂ ಅದನ್ನು ಹೊರಗಿಡುವಾಗ ಅವರ ಮುಖ ಸಣ್ಣದಾಗಿತ್ತು.

ಮೊದಲ ದಿನ ನಾವು ಮಾಡಬಾರದ್ದನ್ನೇ ಮಾಡಿದೆವು. ನಾಯಿಯನ್ನು ಹಿತ್ತಲಿನಿಂದ ಬಿಚ್ಚಿಕೊಂಡು ಬಂದು, ನಮ್ಮ ಮನೆಯವರು ಹಿಂದಿನಿಂದ ನೂಕಿ, ನಾನು ಮುಂದಿನಿಂದ ರೊಟ್ಟಿ ತೋರಿಸಿ ಒಳಗೆ ಹಾಕಿ ಬಾಗಿಲು ಮುಚ್ಚಿ ಚಿಲಕ ಹಾಕಿದೆವು. ಅಭ್ಯಾಸವಾಗಲಿ ಎಂದು ನಮ್ಮ ಲೆಕ್ಕ. ಅದು ಮೊದಲು ಸುಮ್ಮನಿತ್ತು. ಆಮೇಲೆ ಅಳತೊಡಗಿತು. ಬೊಗಳುವುದಲ್ಲ, ಅಳು. ಉಗುರಿನಿಂದ ಬಾಗಿಲು ಕೆರೆಯಿತು, ಪಟ್ಟಿಗಳ ಸಂದಿಯಲ್ಲಿ ಮೂತಿ ತೂರಿಸಿ ತಿಕ್ಕಿತು. ಮೂಗಿನ ತುದಿ ಕಿತ್ತು ರಕ್ತ ಬಂತು. ಸ್ವಲ್ಪ ಹೊತ್ತು ತಡೆದರೆ ಸುಮ್ಮನಾಗುತ್ತದೆ ಎಂದು ನಮ್ಮ ಮನೆಯವರು. ನಾನು ಕಿವಿ ಮುಚ್ಚಿಕೊಂಡು ನಡುಮನೆಯಲ್ಲಿ ನಿಂತಿದ್ದೆ.

ಮಾವ ಒಳಗೆ ಪೂಜೆಗೆ ಕೂತಿದ್ದರು. ಪೂಜೆಯ ನಡುವೆ ಅವರು ಎದ್ದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಹಣೆಯ ತುಂಬ ವಿಭೂತಿ, ಮೈಮೇಲೆ ಮಡಿಯ ಧೋತರ, ಗೋಡೆ ಹಿಡಿದುಕೊಂಡು ಬಂದು, ಬಾಗಲು ಬಾರದ ಮೊಣಕಾಲನ್ನು ಬಗ್ಗಿಸಿ ಚಿಲಕ ತೆಗೆದರು. ನಾಯಿ ಅವರ ಕಾಲಿನ ನಡುವಿನಿಂದ ನುಗ್ಗಿ ಹಿತ್ತಲಿಗೆ ಓಡಿತು. ಅವರು ಮಗನ ಕಡೆ ತಿರುಗಿ, ಧ್ವನಿ ಏರಿಸದೆ ಹೇಳಿದರು.

“ಜೈಲಿಗೆ ಹಾಕೂದಿದ್ರ ಮುಗದಕ್ಕ ಕಳಸ್ರಿ. ಅಲ್ಲೆ ಕಟ್ಟಿ ಹಾಕಿದ್ರೂ ಆಕಾಶರ ಕಾಣತೈತಿ.”

ಮರುದಿನ ನಾನೊಬ್ಬಳೇ ದವಾಖಾನೆಗೆ ಹೋದೆ. ಈ ಸಲ ಡಾಕ್ಟರು ಬೈದರು. ಮನುಷ್ಯರಿಗೇ ಹೊಸ ಮನೆ ಒಗ್ಗಲು ತಿಂಗಳು ಬೇಕು, ಅದಕ್ಕೆ ಒಂದು ತಾಸೂ ಕೊಡಲಿಲ್ಲವಲ್ಲ ಎಂದರು. ಬೈದು ಮುಗಿದ ಮೇಲೆ ನಿಧಾನವಾಗಿ ತಿಳಿಸಿ ಹೇಳಿದರು.

“ಮೊದಲ ಆ ಬಾಗಿಲಾ ಕಿತ್ತು ಇಡ್ರಿ. ಒಳಗ ಹೋಗೂದೂ ಅದರ ಖುಷಿ, ಹೊರಗ ಬರೂದೂ ಅದರ ಖುಷಿ. ಬಾಗಿಲಾ ಎಲ್ಲಾದಕಿಂತ ಕಡೀಕ. ಮತ್ತ ಸಿಟ್ಟಿಗೆದ್ದು ಅದನ್ನ ಒಳಗ ಹಾಕೂದು ಎಂದೂ ಮಾಡಬ್ಯಾಡ್ರಿ. ಅದು ಶಿಕ್ಷಾದ ಜಾಗಾ ಆತಂದ್ರ ಮುಗೀತು.”

ಬಡಿಗನನ್ನು ಮತ್ತೆ ಕರೆಸದೆ ನಾನೇ ಬಿಜಾಗರಿಯ ಸ್ಕ್ರೂ ಬಿಚ್ಚಿದೆ. ಬಾಗಿಲನ್ನು ಅಟ್ಟದ ಮೇಲೆ ಹಾಕಿದೆ. ತವರಿನಿಂದ ತಂದಿದ್ದ ಹಳೆಯ ಕೌದಿಯನ್ನು ಖೋಕಾದ ಮೇಲೆ ಹೊದಿಸಿದೆ, ಮೂರು ಕಡೆ ಕತ್ತಲಾಯಿತು. ಆಮೇಲೆ ದಿನವೂ ಶಾಲೆಯಿಂದ ಬಂದ ಮೇಲೆ ಮಗಳನ್ನು ಅತ್ತೆಯ ತೊಡೆಯ ಮೇಲೆ ಕೂರಿಸಿ, ಜೋಳದ ರೊಟ್ಟಿಗೆ ತುಪ್ಪ ಸವರಿ, ಚೂರು ಮಾಡಿ ಖೋಕಾದ ಮುಂದೆ ಇಟ್ಟು ದೂರ ಹೋಗಿ ಕೂರುತ್ತಿದ್ದೆ. ಮೊದಲ ಎರಡು ದಿನ ನಾಯಿ ಆ ಮೂಲೆಯ ಕಡೆಗೇ ಬರಲಿಲ್ಲ. ಇರುವೆಗಳು ತಿಂದವು. ಮೂರನೆಯ ದಿನ ಕತ್ತು ಉದ್ದ ಮಾಡಿ, ಹಿಂಗಾಲು ಓಡಲು ಸಿದ್ಧವಿಟ್ಟುಕೊಂಡು ಒಂದು ಚೂರು ಎಳೆದುಕೊಂಡಿತು. ಚೂರುಗಳನ್ನು ದಿನಕ್ಕೊಂದು ಗೇಣು ಒಳಗೆ ಸರಿಸುತ್ತ ಹೋದೆ. ಒಂದು ದಿನ ಮುಂಗಾಲು ಎರಡೂ ಒಳಗೆ ಹೋದವು. ಅಷ್ಟರಲ್ಲಿ ಹೊರಗೆ ಯಾರೋ ಗೇಟು ತೆಗೆದರು, ಅದು ಹೊರಗೆ ಹಾರಿತು. ಮತ್ತೆ ಮೊದಲಿನಿಂದ.

ಒಂದು ಸಂಜೆ ಮಾವ ತಮ್ಮ ಹಳೆಯ ಧೋತರವೊಂದನ್ನು ನಾಲ್ಕು ಮಡಿಕೆ ಮಾಡಿ ಖೋಕಾದ ಒಳಗೆ ಹಾಸಿದರು. ಒಗೆದದ್ದಲ್ಲ, ಉಟ್ಟು ಬಿಟ್ಟ, ಅವರ ಮೈವಾಸನೆ ಇದ್ದದ್ದು. ಯಾರೂ ಹೇಳಿರಲಿಲ್ಲ. ಜೈಲು ಎಂದವರು ನೀವೇ ಅಲ್ಲವೇ ಎಂದು ಕೇಳುವ ಧೈರ್ಯ ನನಗೆ ಇರಲಿಲ್ಲ, ಅವರೇ ಹೇಳಿದರು. “ಬಾಗಿಲಾ ಇಲ್ಲಂದ್ರ ಅದು ಜೈಲು ಹ್ಯಾಂಗ ಆಗತೈತಿ, ನೋಡವಾ.” ಅದಾದ ಎರಡನೆಯ ದಿನವೋ ಮೂರನೆಯ ದಿನವೋ ನಾನು ಶಾಲೆಯಿಂದ ಬಂದಾಗ ಪಡಸಾಲೆ ನಿಶ್ಶಬ್ದವಾಗಿತ್ತು. ಮಾವ ಕುರ್ಚಿಯಲ್ಲಿ ಕೂತು, ತುಟಿಯ ಮೇಲೆ ಬೆರಳಿಟ್ಟುಕೊಂಡು ನನಗೆ ಮೂಲೆ ತೋರಿಸಿದರು. ನಾಯಿ ಒಳಗೆ ಧೋತರದ ಮೇಲೆ ಬಿದ್ದುಕೊಂಡಿತ್ತು. ಕಣ್ಣು ಮುಚ್ಚಿರಲಿಲ್ಲ, ಆದರೆ ಗದ್ದ ನೆಲಕ್ಕೆ ಊರಿತ್ತು. ನಾನು ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಒಳಗೆ ಹೋದೆ.

ಉಳಿದದ್ದು ಮಗಳ ಚಿಂತೆ. ಅವಳ ಗಾಯ ಮಾಗಿತ್ತು. ನಾಯಿಯ ಭಯವೇ ಅವಳಿಗೆ ಇರಲಿಲ್ಲ, ನಮ್ಮ ಪ್ರಾಣ ಹೋಗುತ್ತಿದ್ದುದು ಅದಕ್ಕೇ. ಆ ಮೂಲೆಗೆ ಹೋಗಬೇಡ ಎಂದು ಒಂದೂವರೆ ವರ್ಷದ ಕೂಸಿಗೆ ಹೇಗೆ ಹೇಳುವುದು? ಅದಕ್ಕೆ ದಾರಿ ಹುಡುಕಿದವರು ಅತ್ತೆ. ದಿನಾ ಮುಂಜಾನೆ ಅವರು ಬಾಗಿಲ ಮುಂದೆ ರಂಗೋಲಿ ಹಾಕುವಾಗ ಮಗಳು ಪಕ್ಕದಲ್ಲೇ ಕೂತಿರುತ್ತಿದ್ದಳು. ರಂಗೋಲಿ ತುಳಿಯಬಾರದು ಎನ್ನುವುದು ಅವಳಿಗೆ ಆಗಲೇ ಗೊತ್ತಿತ್ತು, ದಾಟುವಾಗ ಕಾಲು ಎತ್ತೆತ್ತಿ ಇಡುತ್ತಿದ್ದಳು. ಅತ್ತೆ ಕೈಯಲ್ಲಿ ಉಳಿದ ಹುಡಿಯಿಂದ ಖೋಕಾದ ಮುಂದೆ, ಎರಡು ಮೊಳ ಬಿಟ್ಟು, ಗೋಡೆಯಿಂದ ಗೋಡೆಗೆ ಒಂದು ಗೆರೆ ಎಳೆದರು. ಗೆರೆಯ ಈಚೆಗೆ ಮಗಳನ್ನು ಕೂರಿಸಿಕೊಂಡು, ಆಚೆ ಮಲಗಿದ್ದ ನಾಯಿಯನ್ನು ತೋರಿಸಿ, ಅದರ ಮನಿ ಅದು, ಇದು ನಮ್ಮ ಮನಿ ಎಂದು ಹಾಡಿನ ಹಾಗೆ ಹೇಳಿಕೊಟ್ಟರು. ಮಗಳು ಬೆರಳು ಮುಂದೆ ಮಾಡಿ ಗೆರೆಯ ತನಕ ತಂದು ಹಿಂದಕ್ಕೆ ಎಳೆದುಕೊಂಡು ನಕ್ಕಳು. ಆಟವಾಯಿತು. ಅಷ್ಟರ ಮೇಲೆ ಬಿಟ್ಟು ಕೂತೆವು ಎಂದಲ್ಲ, ಯಾರಾದರೊಬ್ಬರು ಪಕ್ಕದಲ್ಲಿ ಇದ್ದೇ ಇರುತ್ತಿದ್ದೆವು. ಆದರೆ ಕೂಗಾಟ ನಿಂತಿತು. ಬೀಗರು ಬಂದರೆ ಏನೆಂದಾರು ಎನ್ನುತ್ತಿದ್ದ ಅತ್ತೆ ದಿನಾ ತಪ್ಪದೆ ಆ ಗೆರೆ ಎಳೆದರು.

ಹತ್ತು ದಿನ ಯಾವಾಗಲೋ ಮುಗಿದಿತ್ತು. ನಮ್ಮ ಮನೆಯವರು ಅದನ್ನು ಮರೆತಿರಲಿಲ್ಲ. ಮುಂದಿನ ತಿಂಗಳು ಮಗಳ ಜಾವಳ, ಮೊದಲ ಸಲ ಕೂದಲು ತೆಗೆಸುವ ಕಾರ್ಯ. ಮುಗದದಿಂದ ಅಕ್ಕ, ಅವರ ಯಜಮಾನರು ಟೆಂಪೊ ಮಾಡಿಕೊಂಡು ಬರುತ್ತಾರೆ, ಹೋಗುವಾಗ ನಾಯಿಯನ್ನು ಕರೆದುಕೊಂಡು ಹೋಗಲಿ ಎಂದು ಆಗಲೇ ಮಾತಾಗಿತ್ತು. ಈಗ ಅದು ಸುಧಾರಿಸಿದೆಯಲ್ಲ ಎಂದು ನಾನು ಒಂದೆರಡು ಸಲ ಹೇಳಿ ನೋಡಿದೆ. ಅವರು ಮಗಳ ಕೆನ್ನೆ ನೋಡುತ್ತಿದ್ದರು. ಅವರದು ತಪ್ಪು ಎಂದು ನನಗೆ ಅನಿಸಲಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆನೇನೋ.

ಜಾವಳದ ದಿನ ಮನೆಯಲ್ಲಿ ನಲವತ್ತು ಮಂದಿ. ಮುಗದದ ಆ ನಾದಿನಿ ಮುಂಜಾನೆಯೇ ಬಂದಿದ್ದರು. ಅವರ ಕೈಯಲ್ಲಿ ಒಂದು ಹೊಸ ಹಗ್ಗ ಇತ್ತು. ಅದನ್ನು ಅವರು ಬಾಗಿಲ ಹಿಂದಿನ ಗೂಟಕ್ಕೆ ಹಾಕಿದ್ದನ್ನು ನೋಡಿ ನಾನು ಅಡಿಗೆಮನೆಗೆ ಹೋಗಿ ಸುಮ್ಮನೆ ಹೋಳಿಗೆಯ ಹೂರಣ ಉಂಡೆ ಕಟ್ಟುತ್ತ ಕೂತೆ. ನಾಯಿಯನ್ನು ಹಿತ್ತಲಲ್ಲಿ ಕಟ್ಟಿದ್ದೆವು. ಯಾರೋ ಕೈ ತೊಳೆಯಲು ಹೋದವರು ಪಾಪ ಎಂದು ಬಿಚ್ಚಿಬಿಟ್ಟಿದ್ದರು. ಅದು ನನಗೆ ಗೊತ್ತಾದದ್ದು ನಾಯಿ ನಡುಮನೆಯ ಹೊಸ್ತಿಲಲ್ಲಿ ಬಂದು ನಿಂತಾಗ.

ಪಡಸಾಲೆಯ ತುಂಬ ಜನ. ಪಂಕ್ತಿಗೆ ಚಾಪೆ ಹಾಸುತ್ತಿದ್ದರು. ಮಕ್ಕಳು ಬಲೂನು ಹಿಡಿದು ಓಡಾಡುತ್ತಿದ್ದವು. ಬೋಳು ತಲೆಗೆ ಗಂಧ ಹಚ್ಚಿಸಿಕೊಂಡ ಮಗಳು ಯಾರದೋ ತೊಡೆಯ ಮೇಲಿದ್ದಳು. ಸರಿಯಾಗಿ ಆಗಲೇ ಒಂದು ಬಲೂನು ನಾಯಿಯ ಪಕ್ಕದಲ್ಲೇ ಒಡೆಯಿತು. ಅದರ ಬೆನ್ನ ಕೂದಲು ಎದ್ದು ನಿಂತಿತು. ನಮ್ಮ ಮನೆಯವರು ಎರಡೇ ಹೆಜ್ಜೆಗೆ ಬಂದು ಅದರ ಕೊರಳಪಟ್ಟಿಗೆ ಕೈ ಹಾಕಲು ಹೋದರು. ನಾನು ಅಡಿಗೆಮನೆಯ ಬಾಗಿಲಿನಿಂದಲೇ ಬೇಡ ಎಂದೆ. “ಕೈ ಹಾಕಬ್ಯಾಡ್ರಿ. ಬಿಡ್ರಿ ಅದನ್ನ.” ಅಷ್ಟು ಜನರ ಮುಂದೆ ಅವರಿಗೆ ನಾನು ಹಾಗೆ ಹೇಳಿದ್ದು ಅದೇ ಮೊದಲು. ಅವರು ಕೈ ಹಿಂದೆ ತೆಗೆದುಕೊಂಡರು.

ನಾಯಿ ಹೊರಟಿತು. ಬಾಲ ಹೊಟ್ಟೆಯ ಕೆಳಗೆ ಸೇರಿಸಿಕೊಂಡು, ಜನರ ಕಾಲುಗಳ ನಡುವೆ, ಚಾಪೆಯ ಅಂಚಿನ ಮೇಲಿನಿಂದ, ಯಾರ ಮುಖವನ್ನೂ ನೋಡದೆ. ಒಬ್ಬ ಅಜ್ಜಿ ಸೀರೆ ಎತ್ತಿಕೊಂಡು ಪಕ್ಕಕ್ಕೆ ಸರಿದರು. ಮಗಳು ಕೂತಿದ್ದ ಜಾಗದ ಎದುರಿಗೇ ಹಾಯ್ದು ಹೋಯಿತು. ನನಗೆ ಕೈಯಲ್ಲಿದ್ದ ಹೂರಣ ಎಲ್ಲಿ ಬಿತ್ತು ಎನ್ನುವುದೂ ಗೊತ್ತಾಗಲಿಲ್ಲ. ಅದು ನೇರವಾಗಿ ಮೂಲೆಗೆ ಹೋಗಿ, ಖೋಕಾದ ಒಳಗೆ ಸೇರಿ, ಒಂದು ಸುತ್ತು, ಎರಡು ಸುತ್ತು ತಿರುಗಿ, ಧೋತರದ ಮೇಲೆ ಕುಸಿದು ಬಿದ್ದುಕೊಂಡಿತು. ಅದರ ಉಸಿರು ಹೊರಗೆ ಬಂದ ಸದ್ದು ಇಷ್ಟು ದೂರಕ್ಕೂ ಕೇಳಿಸಿತು, ಅಥವಾ ಅದು ನನ್ನದೇ ಇರಬೇಕು.

ಮಕ್ಕಳೆಲ್ಲ ಹಿಂದೆ ಓಡಿದವು. ಅಷ್ಟರಲ್ಲಿ ಮಾವ ತಮ್ಮ ಕುರ್ಚಿಯನ್ನು ದರದರ ಎಳೆದುಕೊಂಡು ಬಂದು ಗೆರೆಯ ಮೇಲೆ ಹಾಕಿ ಕೂತರು. ಎಲೆ ಹಾಕಿದ್ದೇವೆ, ಪಂಕ್ತಿಗೆ ಬನ್ನಿ ಎಂದು ಬೀಗರು ಕರೆದರು. ಹಿರಿಯರು ಕೂರದೆ ಯಾರೂ ಕೂರುವ ಹಾಗಿಲ್ಲ. ಅವರು ಜಾಗ ಬಿಟ್ಟು ಏಳಲಿಲ್ಲ. ತಾಟು ಇಲ್ಲಿಗೇ ಕೊಡಿ ಎಂದರು. ಬಗ್ಗಿ ನೋಡಲು ಬಂದ ಪ್ರತಿಯೊಂದು ಮಗುವಿಗೂ ಅವರು ಒಂದೇ ಮಾತು ಹೇಳುತ್ತಿದ್ದರು. “ಅದು ಮಲಗೇತಿ. ಮಲಗಿದವರನ್ನ ಎಬ್ಬಸಬಾರದು.” ತೊಡೆಯ ಮೇಲೆ ತಾಟು ಇಟ್ಟುಕೊಂಡು ಹೋಳಿಗೆ ತಿನ್ನುತ್ತ, ಎರಡು ಪಂಕ್ತಿ ಮುಗಿಯುವವರೆಗೂ ಅವರು ಅಲ್ಲೇ ಇದ್ದರು. ಒಳಗೆ ನಾಯಿಗೆ ನಿಜವಾಗಿಯೂ ನಿದ್ದೆ ಹತ್ತಿತು. ನಿದ್ದೆಯಲ್ಲಿ ಅದರ ಕಾಲುಗಳು ಓಡುತ್ತಿದ್ದವು.

ಸಂಜೆ ಹೊರಡುವ ಹೊತ್ತಿಗೆ ನಾದಿನಿ ಗೂಟದ ಮೇಲಿನ ಹಗ್ಗ ತೆಗೆದುಕೊಂಡು ಖೋಕಾದ ಮುಂದೆ ಹೋಗಿ ನಿಂತರು. ಬಹಳ ಹೊತ್ತು ನಿಂತರು. ನಮ್ಮ ಮನೆಯವರೂ ಅವರ ಪಕ್ಕದಲ್ಲಿದ್ದರು. ಆಮೇಲೆ ನಾದಿನಿ ಹಗ್ಗವನ್ನು ಕೈಗೆ ಸುತ್ತಿಕೊಳ್ಳುತ್ತ ತಮ್ಮನಿಗೆ ಹೇಳಿದರು. “ಇದನ್ನ ಒಯ್ದು ನಾ ಏನ್ ಮಾಡ್ಲೋ? ಹೊಲದಾಗ ಹಗಲೆಲ್ಲಾ ಕಟ್ಟೇ ಇಡಬೇಕಾಗತೈತಿ. ಇಲ್ಲಿ ಅದಕ್ಕ ಒಂದು ಮನಿ ಐತಿ.”

ನಮ್ಮ ಮನೆಯವರು ಅಕ್ಕನಿಗೆ ಕಟ್ಟಿಕೊಟ್ಟಿದ್ದ ಹೋಳಿಗೆಯ ಡಬ್ಬಿ ಎತ್ತಿಕೊಂಡು ಟೆಂಪೊದ ಕಡೆ ನಡೆದರು. ಅಷ್ಟೇ. ಅದರ ಬಗ್ಗೆ ನಮ್ಮ ಮನೆಯಲ್ಲಿ ಮತ್ತೆ ಮಾತಾಗಲಿಲ್ಲ. ಮರುದಿನ ಅಂಗಡಿಗೆ ಹೋಗುವ ಮೊದಲು ಅವರು ಖೋಕಾದ ಒಂದು ಸಡಿಲ ಪಟ್ಟಿಗೆ ಮೊಳೆ ಹೊಡೆಯುತ್ತ ಕೂತಿದ್ದನ್ನು ನೋಡಿದೆ.

ಜಾವಳದ ದಿನ ರಾತ್ರಿ, ಮಂದಿ ಹೋದ ಮೇಲೆ ಅತ್ತೆ, ನಾನು ಹಿತ್ತಲಿನ ಕಲ್ಲಿನ ಮೇಲೆ ಪಾತ್ರೆ ತೊಳೆಯುತ್ತಿದ್ದೆವು. ಎಲ್ಲ ಮುಗಿಯಿತಲ್ಲ ಎನ್ನುವ ಹಗುರಿನಲ್ಲೋ ಏನೋ, ಅಷ್ಟು ದಿನ ಒಳಗೇ ಇಟ್ಟುಕೊಂಡಿದ್ದನ್ನು ಹೇಳಿಬಿಟ್ಟೆ. ಅದು ಮೊದಲೇ ಗುರುಗುಟ್ಟಿತ್ತು, ನಾನು ಹೊಡೆದೆ, ಅದಕ್ಕೇ ಹೀಗಾಯಿತು, ಡಾಕ್ಟರು ಹಾಗೇ ಹೇಳಿದರು ಎಂದೆ. ಅತ್ತೆ ಬೂದಿ ಹಚ್ಚಿದ ತಪೇಲಿಯನ್ನು ತಿರುಗಿಸುತ್ತಲೇ ಇದ್ದರು. ಬೈಯುತ್ತಾರೆ ಎಂದು ಕಾದೆ.

“ನಾನೂ ಹೊಡದಿದ್ನೆವಾ,” ಎಂದರು ಅವರು. “ನೀ ಸಾಲಿಗೆ ಹೋದಾಗ. ಕೂಸಿನ ಮ್ಯಾಲೆ ಗುರ್ ಅಂತಂತ. ನಾ ಯಾರ ಮುಂದೂ ಹೇಳಿರಲಿಲ್ಲ.”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಅಳುವ ಹಾಗಿದ್ದ ಹೊತ್ತು ಅದು, ಆದರೆ ಅತ್ತೆಯ ಮೂಗಿನ ಮೇಲೆ ಬೂದಿ ಹತ್ತಿತ್ತು, ಇಬ್ಬರಿಗೂ ನಗು ಬಂತು. ನಕ್ಕು ನಕ್ಕು ಸುಸ್ತಾಗಿ ಕಲ್ಲಿನ ಮೇಲೆ ಕೂತೆವು. ಏನಾಯಿತು ಎಂದು ಮಾವ ಒಳಗಿನಿಂದ ಕೇಳಿದರು. ಏನಿಲ್ಲರಿ ಎಂದರು ಅತ್ತೆ.

ಅಟ್ಟದ ಮೇಲಿನ ಬಾಗಿಲನ್ನು ನಾವು ಕೆಳಗಿಳಿಸಿದ್ದು ಎಷ್ಟೋ ತಿಂಗಳ ಮೇಲೆ. ಆಗ ನಾಯಿಗೆ ಅದು ಲೆಕ್ಕಕ್ಕೇ ಇರಲಿಲ್ಲ. ಒಳಗೆ ರೊಟ್ಟಿ ತಿನ್ನುವಾಗ ಸ್ವಲ್ಪ ಮುಚ್ಚಿ, ತಿಂದು ಮುಗಿಸುವ ಮೊದಲೇ ತೆರೆದು, ಹೀಗೆ ಮಾಡುತ್ತ ಮಾಡುತ್ತ ರೂಢಿಯಾಯಿತು. ಹಿಂದಿನ ವರ್ಷ ದೀಪಾವಳಿಯ ಪಟಾಕಿಗೆ ಹೆದರಿ ರೈಲು ಹಳಿಯ ತನಕ ಓಡಿಹೋಗಿದ್ದ ನಾಯಿ, ಆ ವರ್ಷ ಕೌದಿ ಹೊದಿಸಿದ ಖೋಕಾದೊಳಗೆ ಬಾಗಿಲು ಹಾಕಿಸಿಕೊಂಡು ಕೂತಿತು. ನಡುಗಲಿಲ್ಲ ಎನ್ನಲಾರೆ. ನಡುಗಿತು. ಆದರೆ ಓಡಿಹೋಗಲಿಲ್ಲ, ಹುಡುಕಲು ನಾವು ಬ್ಯಾಟರಿ ಹಿಡಿದು ಹೋಗಬೇಕಾಗಲಿಲ್ಲ. ಮಾವನವರ ಮೊಣಕಾಲಿಗೆ ಅದು ದೊಡ್ಡ ಉಪಕಾರ.

ಎರಡು ಸಾವಿರದ ಇಸವಿ ದಾಟಿದ ಮೇಲೆ ನಾವು ಮಾಳಮಡ್ಡಿ ಬಿಟ್ಟು, ಅಂಗಡಿಗೆ ಹತ್ತಿರವಾಗಲಿ ಎಂದು ಹುಬ್ಬಳ್ಳಿಯಲ್ಲಿ ಮನೆ ಮಾಡಿದೆವು. ಸಾಮಾನು ಹೋಗುವ ಲಾರಿಯಲ್ಲಿ ನಾಯಿಯನ್ನು ಹೇಗೆ ಒಯ್ಯುವುದು ಎನ್ನುವುದಕ್ಕೆ ಯಾರೂ ಯೋಚಿಸಬೇಕಾಗಲಿಲ್ಲ. ಖೋಕಾವನ್ನು ನಾಯಿಯ ಸಮೇತ ನಾಲ್ಕು ಜನ ಎತ್ತಿ ಲಾರಿಯಲ್ಲಿಟ್ಟರು. ಕಾರಿನಲ್ಲಿ ಕೂರಿ ಎಂದು ಎಷ್ಟು ಹೇಳಿದರೂ ಕೇಳದೆ ಮಾವ ಲಾರಿಯ ಹಿಂದೆ ಹತ್ತಿ ಗಾದಿಯ ಸುರುಳಿಯ ಮೇಲೆ ಕೂತರು. ನವಲೂರು ದಾಟುವವರೆಗೂ ಅವರ ರುಮಾಲು ಗಾಳಿಗೆ ಹಾರುವುದು ನಮಗೆ ಹಿಂದಿನಿಂದ ಕಾಣುತ್ತಿತ್ತು.

ಹೊಸ ಮನೆಗೆ ಮೊದಲು ಅತ್ತೆ ದೀಪ ಹಿಡಿದುಕೊಂಡು ಹೋದರು, ಆಮೇಲೆ ಹಾಲಿನ ಪಾತ್ರೆ, ಅದರ ಹಿಂದೆ ಖೋಕಾ. ನೆಲದ ಮೇಲೆ ಸಿಮೆಂಟಿನ ಹುಡಿ ಇನ್ನೂ ಇತ್ತು. ಮಾತಾಡಿದರೆ ಗೋಡೆಗಳು ತಿರುಗಿ ಮಾತಾಡುತ್ತಿದ್ದವು. ಬಾಗಿಲು ತೆಗೆದರೆ ನಾಯಿ ಹೊರಗೆ ಬಂದು ನಾಲ್ಕೂ ಕೋಣೆ ಮೂಸಿ ನೋಡಿತು, ಹಿತ್ತಲಿಗೆ ಹೋಗಿ ಬಂತು, ಮತ್ತೆ ತನ್ನ ಜಾಗಕ್ಕೆ ಹೋಗಿ ಮಲಗಿತು. ಆಗ ಅದರ ಮೂತಿಯ ಕೂದಲು ಬೆಳ್ಳಗಾಗಿತ್ತು. ಎಂಟು ವರ್ಷದ ಮಗಳಿಗೆ ಮಾತ್ರ ಹೊಸ ಮನೆ ಒಗ್ಗಲಿಲ್ಲ. ನನಗೆ ಇಲ್ಲಿ ಬೇಡ, ನಮ್ಮ ಮನೆಗೆ ಹೋಗೋಣ ಎಂದು ಅತ್ತು, ಕೊನೆಗೆ ಗಂಟುಗಳ ನಡುವಿನಿಂದ ತನ್ನ ಪುಸ್ತಕ ಹುಡುಕಿ ತೆಗೆದು, ಖೋಕಾದ ಪಕ್ಕದಲ್ಲಿ ಗೋಡೆಗೆ ಒರಗಿ ಕೂತಳು. ಅದು ಒಳಗಿರುವಾಗ ಕೈ ಹಾಕಬಾರದು ಎನ್ನುವುದನ್ನು ಅವಳಿಗೆ ಯಾರೂ ನೆನಪಿಸಬೇಕಾಗಿರಲಿಲ್ಲ. ಸ್ವಲ್ಪ ಹೊತ್ತಿಗೆ ನಾಯಿ ತಾನೇ ಎದ್ದು ಬಂದು ಅವಳ ಪಾದದ ಮೇಲೆ ಗದ್ದ ಊರಿತು.

ಅಡಿಗೆಮನೆಯಲ್ಲಿ ಕಟ್ಟೆಯ ಕೆಲಸ ಮುಗಿದಿರಲಿಲ್ಲ. ಅತ್ತೆ ಸ್ಟೋವನ್ನು ನೆಲದ ಮೇಲಿಟ್ಟು ಚಹಾ ಮಾಡಿದರು. ಸಕ್ಕರೆ ಯಾವ ಗಂಟಿನಲ್ಲಿದೆ ಎಂದು ಯಾರಿಗೂ ಗೊತ್ತಿರಲಿಲ್ಲ, ಬೆಲ್ಲ ಹಾಕಿದರು. ನಾವೆಲ್ಲ ಟ್ರಂಕುಗಳ ಮೇಲೆ, ಗಾದಿಯ ಸುರುಳಿಗಳ ಮೇಲೆ ಕೂತು ಅದನ್ನು ಕುಡಿದೆವು. ನಮ್ಮ ಮನೆಯವರು ಲಾರಿಯವರ ಜೊತೆ ಮಾತು ಮುಗಿಸಿ ಬಂದು, ಮಗಳನ್ನೂ ಅವಳ ಪಾದದ ಮೇಲಿನ ಆ ಬಿಳಿ ಮೂತಿಯನ್ನೂ ನೋಡಿ, ಬಟ್ಟಲು ಹಿಡಿದುಕೊಂಡು ಅವಳ ಪಕ್ಕದಲ್ಲೇ ನೆಲದ ಮೇಲೆ ಕೂತರು.